ಔಷಧಿಗೆ ಬಗ್ಗದ ಕ್ಷಯ

ಕ್ಷಯ ಗಾಳಿಯಲ್ಲಿ ಹರಡುತ್ತದೆ, ಎಚ್‌ಐವಿ ಹಾಗೆ ಹರಡುವುದಿಲ್ಲ. ಎಚ್‌ಐವಿ ನಮ್ಮ ರಕ್ತದಲ್ಲಿ ರೋಗ ತಡೆಯುವ ಸಿಡಿ4 ಕಣಗಳನ್ನು ಕೊಲ್ಲುತ್ತಾ ಹೋದಂತೆ, ಮೈಯೊಳಗೆ ವರ್ಷಗಟ್ಟಲೆ ಸುಮ್ಮನಿದ್ದ ಕ್ಷಯಾಣು ತಲೆಯೆತ್ತುತ್ತದೆ. ಆ ಕ್ಷಯಾಣು ರಿಫಾಂಪಿಸಿನ್, ಐಸೋನಿಯಾಜಿಡ್ ಎಂಬ ಎರಡು ಮುಖ್ಯ ಔಷಧಿಗಳಿಗೂ ಬಗ್ಗದಿದ್ದರೆ ಅದನ್ನು ಎಂಡಿಆರ್ ಕ್ಷಯ ಎನ್ನುತ್ತಾರೆ.

ಜನ ಎಡವುವುದು ಇದರ ಮುಂದೆ. “ನನ್ನ ಮೈಗೆ ಮಾತ್ರೆ ಹಿಡೀತಿಲ್ಲ, ಎಚ್‌ಐವಿ ಇದೆಯಲ್ಲ, ಅದಕ್ಕೇ” ಎಂದುಕೊಂಡು ಕೈಚೆಲ್ಲುತ್ತಾರೆ. ಮಾತ್ರೆಗೆ ಬಗ್ಗದಿರುವುದು ಮೈಯಲ್ಲ, ರೋಗಾಣು. ಕ್ಷಯಾಣು ಒಡೆದು ಎರಡಾಗುವಾಗಲೆಲ್ಲ ತನ್ನ ಡಿಎನ್‌ಎ ನಕಲು ಮಾಡಿಕೊಳ್ಳಬೇಕು. ಅಪರೂಪಕ್ಕೆ ನಕಲಿನಲ್ಲಿ ತಪ್ಪಾಗುತ್ತದೆ. ಆ ತಪ್ಪು ಒಂದು ನಿರ್ದಿಷ್ಟ ಜಾಗದಲ್ಲಿ ಬಿದ್ದರೆ, ರಿಫಾಂಪಿಸಿನ್ ಹಿಡಿದುಕೊಳ್ಳಬೇಕಾದ ಪ್ರೋಟೀನಿನ ಆಕಾರವೇ ಬದಲಾಗಿ ಔಷಧಿ ಜಾರಿಹೋಗುತ್ತದೆ. ಹೀಗಾಗುವುದು ಸುಮಾರು ಹತ್ತು ಕೋಟಿ ರೋಗಾಣುಗಳಲ್ಲಿ ಒಂದಕ್ಕೆ. ಐಸೋನಿಯಾಜಿಡ್‌ಗೆ ಬಗ್ಗದಂಥದ್ದು ಸುಮಾರು ಹತ್ತು ಲಕ್ಷಕ್ಕೊಂದು. ಎರಡಕ್ಕೂ ಒಟ್ಟಿಗೆ ಬಗ್ಗದ್ದು ಎಷ್ಟಕ್ಕೊಂದು? ಕೂಡಬಾರದು, ಗುಣಿಸಬೇಕು: ನೂರು ಲಕ್ಷ ಕೋಟಿಗೊಂದು! ಅಷ್ಟು ರೋಗಾಣು ಯಾರ ಶ್ವಾಸಕೋಶದಲ್ಲೂ ಇರುವುದಿಲ್ಲ. ಕ್ಷಯಕ್ಕೆ ನಾಲ್ಕು ಔಷಧಿ ಸೇರಿಸಿ ಕೊಡುವುದರ ಹಿಂದಿರುವುದು ಈ ಗುಣಾಕಾರ. ಎಷ್ಟು ಸಲ ಹೇಳಿದರೂ ನನಗೆ ಬೇಸರವಾಗದ ಲೆಕ್ಕ ಇದು.

ರಕ್ತದಲ್ಲಿ ಒಂದು ಔಷಧಿ ಕಡಿಮೆಯಾದರೆ ಗುಣಾಕಾರ ಮುರಿಯುತ್ತದೆ. ಒಂದೇ ಕಳೆನಾಶಕ ಹೊಡೆದ ಗದ್ದೆಯಲ್ಲಿ ಅದಕ್ಕೆ ಸಾಯದ ಕಳೆಯಷ್ಟೇ ಉಳಿದು ಹಬ್ಬುವ ಹಾಗೆ, ಬಗ್ಗದ ರೋಗಾಣು ಬೆಳೆಯುತ್ತದೆ. ಎಚ್‌ಐವಿ ಇರುವವರ ಕರುಳು ಬೇನೆಬಿದ್ದಾಗ ನುಂಗಿದ ಮಾತ್ರೆಯೂ ಪೂರ್ತಿ ರಕ್ತಕ್ಕೆ ಸೇರದೇ ಹೋಗಬಹುದು. ವಾರಕ್ಕೆ ಮೂರೇ ದಿನ ಮಾತ್ರೆ ಕೊಡುತ್ತಿದ್ದ ಕ್ರಮ ಇವರಿಗೆ ಹೆಚ್ಚು ಅಪಾಯಕಾರಿಯಾಗಿತ್ತು. 2017ರಿಂದ ದೇಶದಲ್ಲೆಲ್ಲ ದಿನವೂ ಮಾತ್ರೆ.

ಹಾಗೆಂದು ರೋಗಿಯನ್ನು “ಮಾತ್ರೆ ಬಿಟ್ಟಿರಬೇಕು” ಎಂದು ಬಯ್ಯುವುದು ಅನ್ಯಾಯ. ಬಗ್ಗದ ರೋಗಾಣು ನೇರವಾಗಿ ಗಾಳಿಯಲ್ಲೂ ಬರುತ್ತದೆ. ಕೆ.ಆರ್. ಪೇಟೆ, ನಾಗಮಂಗಲದಿಂದ ಎಷ್ಟೋ ಜನ ದುಡಿಯಲು ಮುಂಬೈಗೆ ಹೋಗುತ್ತಾರೆ. ಎಂಡಿಆರ್ ಕ್ಷಯ ಬಹಳವಾಗಿರುವ ಊರದು. ಅಲ್ಲಿನ ಇಕ್ಕಟ್ಟಿನ ಖೋಲಿಯಲ್ಲಿ ಮಲಗುವವರಿಗೆ, ಒಂದು ಕ್ಷಯದ ಮಾತ್ರೆಯನ್ನೂ ಎಂದೂ ನುಂಗದಿದ್ದರೂ, ಮೊದಲ ಸಲವೇ ಎಂಡಿಆರ್ ಬರಬಹುದು.

ಪರೀಕ್ಷೆಯಲ್ಲೂ ಒಂದು ತೊಡಕಿದೆ. ಶ್ವಾಸಕೋಶದಲ್ಲಿ ಕುಳಿ ಬೀಳುವುದು ಮೈ ಕ್ಷಯದೊಡನೆ ಹೋರಾಡುವುದರಿಂದ. ಸಿಡಿ4 ಕುಸಿದವರಲ್ಲಿ ಕುಳಿ ಬೀಳದೆ ಕಫದಲ್ಲಿ ರೋಗಾಣು ಕಡಿಮೆ ಇರುತ್ತದೆ. ಸೂಕ್ಷ್ಮದರ್ಶಕದಲ್ಲಿ ಕಾಣಬೇಕಾದರೆ ಒಂದು ಮಿಲಿಲೀಟರ್ ಕಫದಲ್ಲಿ ಹತ್ತು ಸಾವಿರದಷ್ಟು ರೋಗಾಣು ಇರಬೇಕು. ಸಿಬಿನ್ಯಾಟ್ ಎಂಬ ಪರೀಕ್ಷೆಗೆ ನೂರೈವತ್ತರೊಳಗೆ ಸಾಕು, ರಿಫಾಂಪಿಸಿನ್‌ಗೆ ಬಗ್ಗುತ್ತದೋ ಇಲ್ಲವೋ ಎಂಬುದನ್ನೂ ಸುಮಾರು ಎರಡು ಗಂಟೆಯಲ್ಲಿ ಅದು ಹೇಳುತ್ತದೆ. ಇದೇ ಬಗೆಯ ಟ್ರೂನ್ಯಾಟ್ ರೂಪುಗೊಂಡದ್ದು ನಮ್ಮ ಬೆಂಗಳೂರಿನಲ್ಲಿ. “ಕಫದಲ್ಲಿ ಏನೂ ಇಲ್ಲ” ಎಂದು ಯಾರಾದರೂ ಹೇಳಿದರೆ, ಯಾವ ಪರೀಕ್ಷೆ ಮಾಡಿದಿರಿ ಎಂದು ಕೇಳಿ.

ಶ್ರೀರಂಗಪಟ್ಟಣ, ಪಾಂಡವಪುರದವರು ಎಚ್‌ಐವಿ ಮಾತ್ರೆಗೆ ಮಂಡ್ಯದ ಮಿಮ್ಸ್‌ಗೂ ಕ್ಷಯಕ್ಕೆ ಮೈಸೂರಿನ ಪಿಕೆಟಿಬಿ ಆಸ್ಪತ್ರೆಗೂ ಹೋಗುವುದುಂಟು. ಎರಡೂ ಕಡೆಯ ಚೀಟಿ ಎರಡೂ ಕಡೆ ತೋರಿಸಲೇಬೇಕು. ರಿಫಾಂಪಿಸಿನ್ ಎಚ್‌ಐವಿಯ ಡೊಲುಟೆಗ್ರಾವಿರ್ ಅನ್ನು ರಕ್ತದಲ್ಲಿ ಇಳಿಸುವುದರಿಂದ ಅದನ್ನು ದಿನಕ್ಕೆರಡು ಸಲ ಕೊಡಬೇಕಾಗುತ್ತದೆ. ಎಂಡಿಆರ್‌ಗೆ ಕೊಡುವ ಬೆಡಾಕ್ವಿಲಿನ್ ಅನ್ನು ಎಚ್‌ಐವಿಯ ಇನ್ನೊಂದು ಔಷಧಿ ಎಫಾವಿರೆಂಜ್ ಇಳಿಸುತ್ತದೆ. ಹಿಂದೆ ಎರಡು ವರ್ಷದವರೆಗೂ ಎಳೆಯುತ್ತಿದ್ದ ಎಂಡಿಆರ್ ಚಿಕಿತ್ಸೆಗೆ ಈಗ ಬಿಪಾಲ್‌ಎಂ ಎಂಬ ಆರು ತಿಂಗಳ ಕ್ರಮ ಬಂದಿದೆ. ಕೇಂದ್ರ ಸರ್ಕಾರ ಅದನ್ನು ಒಪ್ಪಿದ್ದು 2024ರಲ್ಲಿ.

ಮಂಡ್ಯ, ಮೈಸೂರಿನ ಮೈಕ್ರೋಬಯಾಲಜಿ ವಿದ್ಯಾರ್ಥಿಗಳಿಗೆ ಒಂದು ಮಾತು. ರೋಗಾಣುವಿನ ಜೀನೋಮ್ ಓದಿದರೆ ಮೇಲೆ ಹೇಳಿದ ನಾಲ್ಕು ತಾಲ್ಲೂಕುಗಳ ಎಂಡಿಆರ್‌ನಲ್ಲಿ ಎಷ್ಟು ಇಲ್ಲೇ ಹುಟ್ಟಿದ್ದು, ಎಷ್ಟು ಹೊರಗಿನಿಂದ ಬಂದದ್ದು ಎಂದು ಬಿಡಿಸಿ ನೋಡಬಹುದು. ಈ ಕೆಲಸವನ್ನು ನಿಮ್ಮಲ್ಲಿ ಯಾರಾದರೂ ಕೈಗೆತ್ತಿಕೊಳ್ಳಿ.