ಮಂತ್ರಿಯಾಗದ ಶಾಸಕರು ಮತ್ತು ನಮ್ಮ ಪಹಣಿ



ಶಿವಮೊಗ್ಗ ನಗರದಲ್ಲಿ ಗೋಪಾಲಗೌಡ ಬಡಾವಣೆ ಇದೆ. ಬೆಂಗಳೂರಿನ ವಿಧಾನಸೌಧದ ಸಮೀಪದಲ್ಲಿ ಗೋಪಾಲಗೌಡ ವೃತ್ತವಿದೆ. ಹೆಸರು ಎಲ್ಲರ ಬಾಯಲ್ಲೂ ಇದೆ. ಆದರೆ ಆ ಹೆಸರಿಗೂ ನಮ್ಮ ಮನೆಯ ಕಡತದಲ್ಲಿರುವ ಪಹಣಿಗೂ ಏನು ಸಂಬಂಧ ಎಂಬುದು ಕಿರಿಯ ಸದಸ್ಯರಲ್ಲಿ ಅನೇಕರಿಗೆ ತಿಳಿಯದು. ಶಾಂತವೇರಿ ಗೋಪಾಲಗೌಡರು ಮೂರು ಬಾರಿ ಶಾಸಕರಾಗಿದ್ದವರು. ಒಂದು ದಿನವೂ ಮಂತ್ರಿಯಾದವರಲ್ಲ. ಸದಾ ವಿರೋಧ ಪಕ್ಷದ ಸಾಲಿನಲ್ಲೇ ಕುಳಿತವರು. ಅಂಥವರಿಂದ ರೈತರಿಗೆ ಆದದ್ದೇನು ಎಂಬುದನ್ನು ವಿವರಿಸುವುದಷ್ಟೇ ಈ ಲೇಖನದ ಉದ್ದೇಶ. ಸಹಕಾರ ಸಂಘಕ್ಕೆ ಪಕ್ಷವಿಲ್ಲ. ಇಲ್ಲಿ ಪಕ್ಷದ ಮಾತೂ ಇಲ್ಲ.

ಕೊಳಗದ ಜಗಳ

ಗೋಪಾಲಗೌಡರು ಹುಟ್ಟಿದ್ದು 1923ರ ಮಾರ್ಚ್ 14ರಂದು, ತೀರ್ಥಹಳ್ಳಿ ತಾಲ್ಲೂಕಿನ ಆರಗದಲ್ಲಿ. ವಿದ್ಯಾರ್ಥಿಯಾಗಿದ್ದಾಗಲೇ 1942ರ ಚಳವಳಿಗೆ ಇಳಿದು ಸೆರೆಮನೆ ಕಂಡರು. ಅನಂತರ ಸಮಾಜವಾದಿ ಪಕ್ಷ ಸೇರಿದರು.

ಆಗ ಮಲೆನಾಡಿನಲ್ಲಿ ಗೇಣಿಯನ್ನು ಭತ್ತದಲ್ಲಿ ಅಳೆದು ಕೊಡುವುದು ವಾಡಿಕೆ. ಅಳತೆಯ ಕೊಳಗ ಒಡೆಯರದು. ಕೊಳಗ ಸ್ವಲ್ಪ ದೊಡ್ಡದಾದರೂ ಸಾಕು, ಖಂಡುಗಗಟ್ಟಲೆ ಅಳೆಯುವಾಗ ಗೇಣಿದಾರನ ಕಣಜ ಬರಿದಾಗುತ್ತಿತ್ತು. ಕರಾರಿನ ಪತ್ರವಿಲ್ಲ, ರಸೀದಿಯಿಲ್ಲ, ಎಲ್ಲವೂ ಬಾಯಿಮಾತು. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಎಚ್. ಗಣಪತಿಯಪ್ಪನವರು ಗೇಣಿದಾರರನ್ನು ಸಂಘಟಿಸಿ, ಸರಿಯಾದ ಕೊಳಗದಲ್ಲಿ ಅಳೆಯಬೇಕೆಂದು ಕೇಳಿದರು. ಕೇಳಿದವರನ್ನು ಗದ್ದೆಯಿಂದ ಬಿಡಿಸಿದಾಗ 1951ರ ಏಪ್ರಿಲ್‌ನಲ್ಲಿ ಸತ್ಯಾಗ್ರಹ ಆರಂಭವಾಯಿತು. ತಂಡತಂಡವಾಗಿ ನೇಗಿಲು ಹಿಡಿದು ಗದ್ದೆಗೆ ಇಳಿಯುವುದು, ದಸ್ತಗಿರಿಯಾಗುವುದು. ಸಮಾಜವಾದಿ ಪಕ್ಷದ ಪರವಾಗಿ ಗೋಪಾಲಗೌಡರು ಅದರ ಮುಂದಾಳಾದರು. ಜೂನ್‌ನಲ್ಲಿ ಡಾ. ರಾಮಮನೋಹರ ಲೋಹಿಯಾ ಅವರೇ ಬಂದು ದಸ್ತಗಿರಿಯಾದ ಮೇಲೆ ಕಾಗೋಡಿನ ಹೆಸರು ದೇಶಕ್ಕೆಲ್ಲ ಗೊತ್ತಾಯಿತು.

ಸತ್ಯಾಗ್ರಹ ಮುಗಿದಾಗ ಗೇಣಿದಾರರಿಗೆ ಭೂಮಿಯೇನೂ ಕೈಗೆ ಬರಲಿಲ್ಲ. ಊರೊಂದರ ತಂಟೆ ಎಂದುಕೊಂಡಿದ್ದುದು ರಾಜ್ಯದ ಪ್ರಶ್ನೆಯಾಯಿತು ಎಂಬುದೇ ಅದರ ಫಲ.

ಶಾಸನಸಭೆಯಲ್ಲಿ

1952ರ ಮೊದಲ ಮಹಾಚುನಾವಣೆಯಲ್ಲಿ ಗೋಪಾಲಗೌಡರು ಸಾಗರ–ಹೊಸನಗರ ಕ್ಷೇತ್ರದಿಂದ ನಿಂತರು. ಕೈಯಲ್ಲಿ ಹಣವಿರಲಿಲ್ಲ. ಮತದಾರರ ಬಳಿಗೇ ಹೋಗಿ ಒಂದು ಓಟು, ಒಂದು ನೋಟು ಕೊಡಿ ಎಂದು ಕೇಳಿದರೆಂಬುದು ಇಂದಿಗೂ ಜಿಲ್ಲೆಯಲ್ಲಿ ಹಿರಿಯರು ಹೇಳುವ ಮಾತು. ಕಾಂಗ್ರೆಸ್ಸಿನ ಎ. ಆರ್. ಬದರಿನಾರಾಯಣ ಅವರನ್ನು ಸೋಲಿಸಿ ಗೆದ್ದರು. 1957ರಲ್ಲಿ ಸೋತರು. 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಮತ್ತೆ ಆರಿಸಿ ಬಂದರು.

ವಿರೋಧ ಪಕ್ಷದ ಶಾಸಕನಿಗೆ ಹಣ ಮಂಜೂರು ಮಾಡುವ ಅಧಿಕಾರವಿಲ್ಲ. ಸಂಖ್ಯಾಬಲವಿಲ್ಲದೆ ಮಸೂದೆ ಪಾಸು ಮಾಡಿಸುವುದೂ ಆಗದು. ಅವನಿಗಿರುವುದು ಪ್ರಶ್ನೆ ಕೇಳುವ ಹಕ್ಕು, ಚರ್ಚೆಯಲ್ಲಿ ಮಾತನಾಡುವ ಹಕ್ಕು, ತಿದ್ದುಪಡಿ ಸೂಚಿಸುವ ಹಕ್ಕು. ಗೋಪಾಲಗೌಡರು ಈ ಮೂರನ್ನೂ ಬಿಡದೆ ಬಳಸಿದರು. ಭೂಮಿ ಉಳುವವನದಾಗಬೇಕು, ಆಡಳಿತ ಕನ್ನಡದಲ್ಲಿ ನಡೆಯಬೇಕು, ರಾಜ್ಯಕ್ಕೆ ಕರ್ನಾಟಕವೆಂಬ ಹೆಸರಾಗಬೇಕು ಎಂದು ಅವರು ಹೇಳುತ್ತಲೇ ಬಂದರು.

ಇನ್ನೊಬ್ಬರ ಪಾಲನ್ನೂ ಇಲ್ಲಿ ಹೇಳದಿದ್ದರೆ ಅನ್ಯಾಯವಾದೀತು. ತೀರ್ಥಹಳ್ಳಿಯವರೇ ಆದ ಕಡಿದಾಳು ಮಂಜಪ್ಪನವರು ಕಾಂಗ್ರೆಸ್ ಸರ್ಕಾರದಲ್ಲಿ ಕಂದಾಯ ಮಂತ್ರಿಯಾಗಿ, ಗೇಣಿ ಮತ್ತು ಇನಾಂ ಕಾನೂನುಗಳಿಗಾಗಿ ದುಡಿದವರು. 1961ರ ಭೂಸುಧಾರಣಾ ಕಾನೂನು ಜಾರಿಗೆ ಬಂದದ್ದು 1965ರಲ್ಲಿ. ಆದರೆ ಸ್ವಂತ ಬೇಸಾಯಕ್ಕೆಂದು ಒಡೆಯನು ಭೂಮಿ ಬಿಡಿಸಿಕೊಳ್ಳಲು ಅದರಲ್ಲಿ ದಾರಿಯಿತ್ತು. ಬಾಯಿಮಾತಿನ ಗೇಣಿದಾರನ ಕೈಯಲ್ಲಿ ಪುರಾವೆಯೂ ಇರಲಿಲ್ಲ. ಒಬ್ಬರು ಒಳಗಿದ್ದು ಬರೆದರು, ಮತ್ತೊಬ್ಬರು ಎದುರಿಗೆ ಕುಳಿತು ಇದು ಸಾಲದು ಎಂದರು. ಎರಡೂ ಬೇಕಾಗಿತ್ತು.

ಕಾಲವಾದ ಮೇಲೆ ಬಂದ ಕಾನೂನು

ಗೋಪಾಲಗೌಡರು 1972ರ ಜೂನ್ 9ರಂದು ತೀರಿಕೊಂಡರು. ಆಗ ಅವರಿಗೆ 49 ವರ್ಷ. 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾಯಿತು. ದೇವರಾಜ ಅರಸು ಅವರ ಸರ್ಕಾರ ತಂದ ತಿದ್ದುಪಡಿಯಂತೆ 1974ರ ಮಾರ್ಚ್ 1ರಿಂದ ಗೇಣಿ ಭೂಮಿಯೆಲ್ಲ ಸರ್ಕಾರದ ವಶವಾಗಿ, ಉಳುವವರು ಹಕ್ಕಿಗಾಗಿ ಅರ್ಜಿ ಹಾಕಿಕೊಳ್ಳುವಂತಾಯಿತು. ತಾಲ್ಲೂಕಿಗೊಂದು ಭೂನ್ಯಾಯಮಂಡಳಿ ಬಂತು. ಬಾಯಿಮಾತಿನ ಗೇಣಿಯನ್ನೂ ಅದು ವಿಚಾರಣೆ ಮಾಡಿ ತೀರ್ಮಾನಿಸಬಹುದಾಗಿತ್ತು.

ಸಾಗರ, ತೀರ್ಥಹಳ್ಳಿಯ ಶಾಸಕರಿಂದ ನಮಗೇನು ಎಂದು ಭದ್ರಾವತಿಯ ಸದಸ್ಯರು ಕೇಳಬಹುದು. ಶಾಸಕನನ್ನು ಒಂದು ಕ್ಷೇತ್ರ ಆರಿಸುತ್ತದೆ. ಅವನು ಕೈಹಾಕುವ ಕಾನೂನು ಮಾತ್ರ ಇಡೀ ರಾಜ್ಯದ್ದು. ಫಾರಂ 7 ಭದ್ರಾವತಿಯ ಗೇಣಿದಾರನಿಗೂ ಅದೇ, ಸಾಗರದವನಿಗೂ ಅದೇ. ಕನ್ನಡದ ಮಾತಿಗೂ ಇದೇ ಅನ್ವಯ: 1967ರಲ್ಲಿ ಶಿವಮೊಗ್ಗದಿಂದ ಲೋಕಸಭೆಗೆ ಹೋಗಿ ಅಲ್ಲಿ ಕನ್ನಡದಲ್ಲಿ ಮಾತನಾಡಿದ ಜೆ. ಎಚ್. ಪಟೇಲರೂ ಗೋಪಾಲಗೌಡರ ಬಳಗದವರೇ.

ಇನ್ನೊಂದು ಮಗ್ಗುಲನ್ನು ಮರೆಮಾಚಬಾರದು. ನಮ್ಮಲ್ಲಿ ಹಕ್ಕು ಪಡೆದ ಗೇಣಿದಾರರ ಮಕ್ಕಳಿದ್ದಾರೆ, ಭೂಮಿ ಕಳೆದುಕೊಂಡ ಸಣ್ಣ ಒಡೆಯರ ಮಕ್ಕಳೂ ಇದ್ದಾರೆ. ಗೇಣಿಗೆ ಕೊಡಲು ಸೈನಿಕರಿಗೂ ನಾವಿಕರಿಗೂ ಮಾತ್ರ ವಿನಾಯಿತಿಯಿತ್ತು. ಎರಡೆಕರೆ ಗದ್ದೆಯ ಗೇಣಿಯಲ್ಲೇ ದಿನ ದೂಡುತ್ತಿದ್ದ ವಿಧವೆಗೆ ಅದು ಸಿಗಲಿಲ್ಲ. ಇಬ್ಬರ ಮಕ್ಕಳೂ ಇಂದು ಒಂದೇ ತಕ್ಕಡಿಯಲ್ಲಿ ಅಡಿಕೆ ತೂಗಿಸುತ್ತಾರೆ. ಸಹಕಾರದ ಬೆಲೆ ಇರುವುದು ಇಲ್ಲಿ.

ನಾವು ಗಮನಿಸಬೇಕಾದ್ದು

ಮೊದಲನೆಯದಾಗಿ, ಈ ಕಾನೂನಿನಲ್ಲಿ ಕಾಫಿ, ಚಹಾ, ರಬ್ಬರ್, ಏಲಕ್ಕಿ, ಮೆಣಸು ಪ್ಲಾಂಟೇಶನ್ ಬೆಳೆಗಳು. ಅವುಗಳ ಜಮೀನಿಗೆ ಭೂಮಿತಿ ಅನ್ವಯಿಸುವುದಿಲ್ಲ. ಅಡಿಕೆ ಆ ಪಟ್ಟಿಯಲ್ಲಿಲ್ಲ. ಎರಡನ್ನೂ ಬೆಳೆಯುವವರು ಈ ವ್ಯತ್ಯಾಸವನ್ನು ನೆನಪಿಡಬೇಕು.

ಎರಡನೆಯದಾಗಿ, ಫಸಲನ್ನು ಚೇಣಿಗೆ ಕೊಡುವುದು ಬೇರೆ, ತೋಟವನ್ನೇ ಗೇಣಿಗೆ ಕೊಡುವುದು ಬೇರೆ. ಚೇಣಿಯ ಕರಾರು ಬರೆಯುವಾಗ ಮಾರುತ್ತಿರುವುದು ಆ ವರ್ಷದ ಫಸಲು ಮಾತ್ರ ಎಂಬುದು ಸ್ಪಷ್ಟವಾಗಿರಲಿ.

ಮೂರನೆಯದಾಗಿ, ರೈತರಲ್ಲದವರು ಕೃಷಿ ಭೂಮಿ ಕೊಳ್ಳದಂತೆ ತಡೆದಿದ್ದ 79-ಎ ಮತ್ತು 79-ಬಿ ಕಲಮುಗಳನ್ನು 2020ರಲ್ಲಿ ತೆಗೆದುಹಾಕಲಾಯಿತು. ಮಾರುವವನಿಗೆ ಗಿರಾಕಿ ಹೆಚ್ಚಿದ್ದಾನೆ, ನಿಜ. ಪಕ್ಕದ ಅರ್ಧ ಎಕರೆ ಕೊಂಡು ತೋಟ ವಿಸ್ತರಿಸಬೇಕೆಂದಿರುವ ಸಣ್ಣ ಬೆಳೆಗಾರನ ಎದುರಿಗೆ ಈಗ ಪೇಟೆಯ ಹಣ ನಿಂತಿದೆ ಎಂಬುದೂ ನಿಜ. ಇಂಥ ತಿದ್ದುಪಡಿ ಸಭೆಯ ಮುಂದೆ ಬಂದಾಗ ನಮ್ಮ ಶಾಸಕರು ಏನು ಮಾತನಾಡಿದರು ಎಂದು ಕೇಳುವವರು ನಾವೇ ಆಗಬೇಕು.

ಶಾಸಕರು ಊರಿಗೆ ಬಂದಾಗ ರಸ್ತೆ, ಮೋರಿ, ಸಮುದಾಯಭವನ ಕೇಳುತ್ತೇವೆ. ಕೇಳಬೇಕಾದ್ದೇ. ಅದರ ಜೊತೆಗೆ, ಈ ಅಧಿವೇಶನದಲ್ಲಿ ಭೂಮಿಯ ಬಗ್ಗೆ, ಅಡಿಕೆಯ ಬಗ್ಗೆ ಯಾವ ಪ್ರಶ್ನೆ ಕೇಳಿದಿರಿ ಎಂದೂ ಕೇಳೋಣ. ರಸ್ತೆಗೆ ಹಾಕಿದ ಜಲ್ಲಿ ಎರಡು ಮಳೆಗಾಲಕ್ಕೆ ಕೊಚ್ಚಿಹೋಗುತ್ತದೆ. ಕಾನೂನಿನಿಂದ ಪಹಣಿಗೆ ಬಂದ ಹೆಸರು ಮೊಮ್ಮಕ್ಕಳ ಕಾಲಕ್ಕೂ ಉಳಿಯುತ್ತದೆ.