ದಿಣ್ಣೆಯ ನೆತ್ತಿಗೆ ನೀರು ತಂದ ಕಾಲುವೆ

ದಕ್ಷಿಣ ಫ್ರಾನ್ಸಿನ ಕನಾಲ್ ದು ಮಿದಿ ಕಾಲುವೆಯ ಉದ್ದ 240 ಕಿ.ಮೀ. ತುಲೂಸ್ ನಗರದಲ್ಲಿ, ಅಟ್ಲಾಂಟಿಕ್ ಕಡೆಗೆ ಹರಿಯುವ ಗರೋನ್ ನದಿಯೊಂದಿಗೆ ಕೂಡುವ ಇದರ ಇನ್ನೊಂದು ತುದಿ ಇರುವುದು ಮೆಡಿಟರೇನಿಯನ್ ತೀರದ ತೋ ಸರೋವರದಲ್ಲಿ. ಹೀಗಾಗಿ ಅಟ್ಲಾಂಟಿಕ್ ಕಡೆಯ ಸರಕಿಗೆ ನಾಡಿನೊಳಗೇ ಒಂದು ಜಲಮಾರ್ಗ ಸಿಕ್ಕಿತು. ಅಲ್ಲಿಯವರೆಗೆ ಹಡಗುಗಳು ಕಡಲ್ಗಳ್ಳರ ಭಯದಲ್ಲೇ ಸ್ಪೇನನ್ನು ಸುತ್ತಿ ಬರಬೇಕಿತ್ತು.

ಎರಡು ಕಡಲನ್ನು ಬೆಸೆಯುವ ಆಸೆ ಹಳೆಯದು. ಅಡ್ಡಿಯಾಗಿದ್ದದ್ದು ನಡುವಿನ ನೌರೂಜ್ ದಿಣ್ಣೆ. ಸಮುದ್ರಮಟ್ಟದಿಂದ ಸುಮಾರು 190 ಮೀಟರ್ ಎತ್ತರದ ಆ ನೆತ್ತಿಯಲ್ಲಿ ಬೇಸಿಗೆಯಲ್ಲೂ ನೀರು ನಿಂತರೆ ಮಾತ್ರ ದೋಣಿಗಳು ಹತ್ತಿ ಇಳಿಯಲು ಸಾಧ್ಯ. ಇದಕ್ಕೆ ಉತ್ತರ ಕಂಡುಕೊಂಡ ಪಿಯೆರ್ ಪೋಲ್ ರಿಕೆ ಎಂಜಿನಿಯರ್ ಅಲ್ಲ, ಉಪ್ಪಿನ ತೆರಿಗೆ ವಸೂಲಿಯ ಗುತ್ತಿಗೆದಾರ. ಮೊಂತಾನ್ಯ್ ನ್ವಾರ್ ಬೆಟ್ಟಗಳ ಹಳ್ಳಗಳನ್ನು ತಿರುಗಿಸಿ, ಸೇಂಟ್ ಫೆರಿಯೋಲ್‌ನಲ್ಲಿ ಅಣೆಕಟ್ಟು ಕಟ್ಟಿ, ಅಲ್ಲಿಂದ ದಿಣ್ಣೆಗೆ ನೀರು ಹರಿಸುವುದು ಅವನ ಯೋಜನೆ. 1662ರಲ್ಲಿ ಮಂತ್ರಿ ಕೋಲ್ಬೆರ್‌ಗೆ ಅದನ್ನು ಬರೆದು ಕಳಿಸಿದ. 1666ರಲ್ಲಿ 14ನೇ ಲೂಯಿ ಅಪ್ಪಣೆ ಕೊಟ್ಟ. ಕೆಲಸ ಬಿರುಸಾಗಿದ್ದಾಗ ಸುಮಾರು 12,000 ಮಂದಿ ದುಡಿದರು. ಅವರಲ್ಲಿ ಹೆಂಗಸರೂ ಇದ್ದರು. ಸ್ವಂತ ಹಣವನ್ನೂ ಇದಕ್ಕೇ ಸುರಿದ ರಿಕೆ 1680ರಲ್ಲಿ ತೀರಿಕೊಂಡ. ಕಾಲುವೆ ತೆರೆದದ್ದು ಮರುವರ್ಷ ಮೇ ತಿಂಗಳಲ್ಲಿ.

ಏರಿಳಿತ ದಾಟಿಸುವುದು ಲಾಕ್‌ಗಳೆಂಬ ಕಲ್ಲಿನ ತೊಟ್ಟಿಗಳು. ದೋಣಿ ಒಳಬಂದ ಮೇಲೆ ಹಿಂದಿನ ಕದ ಮುಚ್ಚಿ ಮುಂದಿನ ಕಿಂಡಿ ತೆರೆಯುತ್ತಾರೆ. ಮೇಲಿನ ನೀರು ನೊರೆಯೆಬ್ಬಿಸಿ ನುಗ್ಗುತ್ತದೆ, ತೊಟ್ಟಿ ತುಂಬಿದಂತೆ ದೋಣಿಯೂ ಮೇಲೇರುತ್ತದೆ. ನೇರ ಗೋಡೆಗಳು ಮಣ್ಣಿನ ಒತ್ತಡಕ್ಕೆ ಕುಸಿದದ್ದರಿಂದ ಅವುಗಳನ್ನು ಹೊರಕ್ಕೆ ಬಾಗಿಸಿ ಅಂಡಾಕಾರದಲ್ಲಿ ಕಟ್ಟಲಾಯಿತು. ಬೆಝಿಯೆ ಊರಿನ ಬಳಿಯ ಫೊನ್‌ಸೆರಾನ್‌ನಲ್ಲಿ ಇಂಥ ತೊಟ್ಟಿಗಳು ಮೆಟ್ಟಿಲುಗಳಂತೆ ಒಂದರ ಮೇಲೊಂದಿವೆ. ಕಾಲುವೆಯ ಅತ್ಯಂತ ಸೊಗಸಾದ ನೋಟ ಇದೇ.

19ನೇ ಶತಮಾನದಲ್ಲಿ ರೈಲು ಬಂದು ಸರಕಿನ ದೊಡ್ಡ ಪಾಲನ್ನು ಕಸಿದುಕೊಂಡಿತು. ಇಂದು ಕಾಲುವೆಯನ್ನು ಜೀವಂತವಾಗಿಟ್ಟಿರುವವರು ಪ್ರವಾಸಿಗರು. 1996ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಬಾಡಿಗೆ ದೋಣಿ ನಡೆಸಲು ಪರವಾನಗಿ ಬೇಕಿಲ್ಲ, ಒಂದಿಷ್ಟು ಹೇಳಿಕೊಟ್ಟರೆ ಸಾಕು. ವೇಗದ ಮಿತಿ ಗಂಟೆಗೆ 8 ಕಿ.ಮೀ.; ದ್ರಾಕ್ಷಿತೋಟ, ಹಳೆಯ ಸೇತುವೆ, ಕಾರ್ಕಸೋನ್ ಕೋಟೆಯ ಊರು ಎಲ್ಲವನ್ನೂ ಕಣ್ತುಂಬ ನೋಡಲು ಅದೇ ತಕ್ಕ ವೇಗ. ಹಿಂದೆ ಕುದುರೆಗಳು ದೋಣಿ ಎಳೆಯುತ್ತಿದ್ದ ದಂಡೆಯ ಹಾದಿಯಲ್ಲಿ ಈಗ ಸೈಕಲ್ ಸವಾರರಿದ್ದಾರೆ.

ದಂಡೆಗೆ ನೆರಳಾಗಿದ್ದ ಸುಮಾರು 42,000 ಪ್ಲೇನ್ ಮರಗಳಲ್ಲಿ ಕೆಲವಕ್ಕೆ ಶಿಲೀಂಧ್ರ ರೋಗ ತಗುಲಿದ್ದು 2006ರಲ್ಲಿ ಕಂಡುಬಂತು. ಮದ್ದಿಲ್ಲದ ಈ ರೋಗ ನೀರಿನಲ್ಲೂ ಹರಡುತ್ತದೆ. ಸಾವಿರಾರು ಮರಗಳನ್ನು ಕಡಿದು ಸುಡಬೇಕಾಯಿತು. ದಂಡೆಯ ಮಣ್ಣನ್ನು ಹಿಡಿದಿಟ್ಟದ್ದೂ ಅವುಗಳ ಬೇರೇ ಆದ್ದರಿಂದ ನಷ್ಟ ನೆರಳಿನದಷ್ಟೇ ಅಲ್ಲ. ಆ ಜಾಗಗಳಲ್ಲಿ ಈಗ ಬೇರೆ ಜಾತಿಯ ಸಸಿಗಳನ್ನು ನೆಡಲಾಗುತ್ತಿದೆ.