ಬಸ್ಸು ಹಲವು, ಸೇತುವೆ ಒಂದೇ!

ಕಾಪುವಿನಿಂದ ಉಡುಪಿಯ ಮೂಲಕ ಮಣಿಪಾಲದ ಕಾಲೇಜಿಗೆ ಹೋಗಿಬಂದವರಿಗೆ ಇಂದ್ರಾಳಿಯ ಪರಿಚಯ ಹೇಳಬೇಕಾಗಿಲ್ಲ. ರಸ್ತೆ ಚತುಷ್ಪಥವಾದ ಮೇಲೂ ಅಲ್ಲಿನ ರೈಲ್ವೆ ಸೇತುವೆ ವರ್ಷಗಟ್ಟಲೆ ಹಳೆಯ ಅಗಲದಲ್ಲೇ ಉಳಿದಿತ್ತು. ಕಡಿಯಾಳಿ, ಕುಂಜಿಬೆಟ್ಟು ದಾಟಿ ಸರಾಗವಾಗಿ ಬಂದ ಬಸ್ಸುಗಳು ಅಲ್ಲಿ ಸಾಲುಗಟ್ಟಿ ನಿಲ್ಲುತ್ತಿದ್ದವು. ಇನ್ನೂ ಹತ್ತು ಬಸ್ಸು ಬಿಟ್ಟಿದ್ದರೆ ಮಕ್ಕಳು ಬೇಗ ಕಾಲೇಜು ಮುಟ್ಟುತ್ತಿದ್ದರೇ? ಇಲ್ಲ, ಸಾಲು ಇನ್ನಷ್ಟು ಉದ್ದವಾಗುತ್ತಿತ್ತು, ಅಷ್ಟೆ.

ಕಂಪ್ಯೂಟರಿನೊಳಗೂ ಇಂಥದೊಂದು ಇಂದ್ರಾಳಿ ಇದೆ. ಅದರ ಹೆಸರೂ ‘ಬಸ್’! ‘ಎಲ್ಲರಿಗಾಗಿ’ ಎಂಬರ್ಥದ ‘ಆಮ್ನಿಬಸ್’ ಎಂಬ ಲ್ಯಾಟಿನ್ ಪದವೇ ಎರಡಕ್ಕೂ ಮೂಲ.

ಮೂರು ಬಗೆಯ ತಂತಿಗಳು

ಕಂಪ್ಯೂಟರಿನ ಬಸ್ ಎಂದರೆ ತಂತಿಗಳ ಒಂದು ಕಟ್ಟು. ಲೆಕ್ಕ ಮಾಡುವ ಪ್ರೊಸೆಸರ್, ಮಾಹಿತಿ ಇಡುವ ಮೆಮೊರಿ, ಕೀಲಿಮಣೆ, ಡಿಸ್ಕ್, ಪ್ರಿಂಟರಿನಂಥ ಪರಿಕರಗಳು ಪರಸ್ಪರ ಮಾತಾಡುವುದು ಇದರ ಮೂಲಕ. ವಿಳಾಸದ ತಂತಿಗಳು ಮಾಹಿತಿ ಯಾವ ಮನೆಗೆ ಸೇರಬೇಕೆಂದು ಹೇಳುತ್ತವೆ. ದತ್ತಾಂಶದ ತಂತಿಗಳು ಆ ಮಾಹಿತಿಯನ್ನು ಹೊರುತ್ತವೆ. ‘ಓದು’, ‘ಬರೆ’, ‘ತಾಳು’ ಎಂಬ ಅಪ್ಪಣೆಗಳು ನಿಯಂತ್ರಣ ತಂತಿಗಳಲ್ಲಿ ಹರಿಯುತ್ತವೆ.

1978ರಲ್ಲಿ ಬಂದ ಇಂಟೆಲ್ 8086 ಪ್ರೊಸೆಸರಿಗೆ 20 ವಿಳಾಸ ತಂತಿಗಳಿದ್ದವು. ಪ್ರತಿ ತಂತಿಗೂ ಎರಡೇ ಸ್ಥಿತಿ. ಹೀಗೆ 20 ಎರಡುಗಳನ್ನು ಗುಣಿಸಿದರೆ 10,48,576. ಅಷ್ಟು ಬೈಟುಗಳ, ಅಂದರೆ ಒಂದು ಮೆಗಾಬೈಟಿನ, ಆಚೆಗಿನ ಮನೆಗಳನ್ನು ಅದು ತಲುಪಲಾರದು.

ಇದೇ 8086 ಪ್ರೊಸೆಸರುಗಳನ್ನೂ ಅವುಗಳ ಜೊತೆಗಾರ 8087ಗಳನ್ನೂ ಒಟ್ಟಿಗೆ ದುಡಿಸಿ, ಬೆಂಗಳೂರಿನ ಎನ್‌ಎಎಲ್ ಸಂಸ್ಥೆ 1986ರಲ್ಲಿ ‘ಫ್ಲೋಸಾಲ್ವರ್’ ಎಂಬ ಸಮಾಂತರ ಕಂಪ್ಯೂಟರನ್ನು ಕಟ್ಟಿತು. ಆಗ ಸಂಸ್ಥೆಯ ನಿರ್ದೇಶಕರಾಗಿದ್ದವರು ವಿಜ್ಞಾನಿ ರೊದ್ದಂ ನರಸಿಂಹ. ವಿಮಾನದ ಸುತ್ತ ಗಾಳಿ ಹರಿಯುವ ಬಗೆಯನ್ನು ಲೆಕ್ಕಹಾಕಲು ಒಂದು ಪ್ರೊಸೆಸರ್ ಸಾಲದು. ಕೆಲಸ ಹಂಚಿಕೊಳ್ಳುವ ಹಲವು ಬೇಕು ಎಂಬುದು ಅದರ ಹಿಂದಿನ ವಿಚಾರ.

ಸಾಲಿನ ಲೆಕ್ಕ

ಆದರೆ ಹಲವು ಸೇರಿದಾಗಲೇ ತೊಡಕು. ಹಂಚಿಕೊಂಡ ಬಸ್ಸಿನಲ್ಲಿ ಒಂದು ಸಲಕ್ಕೆ ಒಬ್ಬರೇ ಮಾತಾಡಬಹುದು. ಸರದಿ ಯಾರದೆಂದು ತೀರ್ಮಾನಿಸಲು ‘ಆರ್ಬಿಟರ್’ ಎಂಬ ಸಂಚಾರಿ ಪೊಲೀಸನಿರುತ್ತಾನೆ. ಬಸ್ ಸೆಕೆಂಡಿಗೆ 100 ಹೊರೆ ಸಾಗಿಸಬಲ್ಲದು, ಪ್ರತಿ ಪ್ರೊಸೆಸರಿಗೆ 25 ಹೊರೆ ಬೇಕು ಎಂದುಕೊಳ್ಳಿ. ನಾಲ್ಕಕ್ಕೇ ದಾರಿ ತುಂಬಿತು. ಎಂಟು ಪ್ರೊಸೆಸರ್ ಇಟ್ಟರೆ ಪ್ರತಿಯೊಂದಕ್ಕೂ ಸಿಗುವುದು ಹನ್ನೆರಡೂವರೆ ಹೊರೆ ಮಾತ್ರ!

ಪ್ರತಿ ಪ್ರೊಸೆಸರಿನ ಬಳಿ ‘ಕ್ಯಾಶ್’ ಎಂಬ ಪುಟ್ಟ ಉಗ್ರಾಣವಿಟ್ಟದ್ದು ಇದಕ್ಕೊಂದು ಪರಿಹಾರ. ಅಕ್ಕಿ ಮನೆಯಲ್ಲೇ ಇದ್ದರೆ ದಿನವೂ ಪೇಟೆಗೆ ಹೋಗಬೇಕಿಲ್ಲ ತಾನೆ? ಆದರೆ ಒಂದೇ ಲೆಕ್ಕದ ನಕಲು ನಾಲ್ವರ ಬಳಿ ಇದ್ದು ಒಬ್ಬ ತಿದ್ದಿದರೆ, ಉಳಿದವರ ನಕಲು ಸುಳ್ಳಾಗುತ್ತದೆ. ಅದಕ್ಕೇ ಪ್ರತಿ ಕ್ಯಾಶ್ ಬಸ್ಸಿಗೆ ಕಿವಿಗೊಟ್ಟಿರುತ್ತದೆ. ಬೇರೆಯವರು ತಿದ್ದಿದ ಸುದ್ದಿ ಕೇಳಿದೊಡನೆ ತನ್ನ ನಕಲನ್ನು ರದ್ದುಪಡಿಸುತ್ತದೆ.

ಇನ್ನೊಂದು ಪರಿಹಾರ, ಬೇರೆ ದಾರಿ. ಕಾರ್ಕಳದ ಹುಡುಗಿ ಹಿರಿಯಡ್ಕ, ಪರ್ಕಳದ ಮೇಲೆ ಮಣಿಪಾಲ ಮುಟ್ಟುತ್ತಾಳೆ; ಆಕೆಗೆ ಇಂದ್ರಾಳಿಯ ತಂಟೆಯೇ ಇಲ್ಲ. ಹಾಗೆಯೇ 2003ರ ಎಎಂಡಿ ಆಪ್ಟೆರಾನ್ ಪ್ರೊಸೆಸರುಗಳು ಪರಸ್ಪರ ನೇರ ಕೊಂಡಿಗಳನ್ನು ಪಡೆದವು. ಇಂಟೆಲ್ ಕೂಡ 2008ರಿಂದ ಹಂಚಿಕೊಂಡ ಬಸ್ಸನ್ನು ಬಿಟ್ಟು ಅದೇ ಹಾದಿ ಹಿಡಿಯಿತು. ಹೆಸರು ಮಾತ್ರ ಅಳಿದಿಲ್ಲ. ನಿಮ್ಮ ಪೆನ್‌ಡ್ರೈವಿನ ‘ಯುಎಸ್‌ಬಿ’ಯಲ್ಲಿರುವ ‘ಬಿ’ ಈ ಬಸ್ಸೇ.

ಅಂಗಡಿಗೆ ಹೋಗುವ ಮುನ್ನ

ಮಗಳು ಎಂಜಿನಿಯರಿಂಗ್ ಸೇರಿದಳೆಂದು ಲ್ಯಾಪ್‌ಟಾಪ್ ಕೊಳ್ಳಲು ಹೊರಟ ತಂದೆತಾಯಿ ಸಾಮಾನ್ಯವಾಗಿ ಕೇಳುವುದು ಒಂದೇ ಪ್ರಶ್ನೆ: ‘ಎಷ್ಟು ಕೋರ್?’ ಕೋರ್ ಎಂದರೆ ಒಂದೇ ಚಿಪ್ಪಿನೊಳಗಿನ ಪ್ರೊಸೆಸರ್. ಅದರ ಜೊತೆಗೆ ಇನ್ನೊಂದನ್ನೂ ಕೇಳಿ: ‘ಮೆಮೊರಿಗೆ ಎಷ್ಟು ದಾರಿ?’ ಎರಡು ದಾರಿಯಿರುವ ಯಂತ್ರದಲ್ಲಿ 16 ಜಿಬಿಯ ಒಂದೇ ಪಟ್ಟಿಗಿಂತ 8 ಜಿಬಿಯ ಎರಡು ಪಟ್ಟಿಗಳು ಸಾಮಾನ್ಯವಾಗಿ ಮೇಲು. ಎರಡೂ ದಾರಿಗಳು ಆಗ ಬಳಕೆಯಾಗುತ್ತವೆ.

ಬಸ್ಸುಗಳನ್ನು ಎಣಿಸಿದರೆ ಸಾಲದು, ಸೇತುವೆಯ ಅಗಲವನ್ನೂ ನೋಡಬೇಕು. ಉಡುಪಿಯವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ!